ಬೀಳೋ ಗಾಡಿಗೆ ಪಂಜರ

ಮಾರ್ಚ್ 3, ಭಾನುವಾರ. ಮಧ್ಯಾಹ್ನ 1.20

ಇವತ್ತು ಬೈಕು ನಾಲ್ಕು ಸಲ ಬಿತ್ತು. ಎರಡು ಎಡಕ್ಕೆ, ಒಂದು ಬಲಕ್ಕೆ. ಇನ್ನೊಂದು ನಿಂತಲ್ಲೇ, ಸ್ಟ್ಯಾಂಡ್ ಹಾಕೋದು ಮರೆತು. ಅದನ್ನ ಸೇರಿಸ್ಬೇಡಿ ಅಂದ ವೆಲ್ಡರ್. ನಾನು ಸೇರಿಸಿದೆ.

ಕ್ಲಚ್ ಲಿವರ್ ತುದಿ ಹೋಯ್ತು. ಎಡಗಡೆ ಇಂಡಿಕೇಟರ್ ವೈರಲ್ಲಿ ನೇತಾಡ್ತಿದೆ. ಕನ್ನಡಿ ಮೊದಲೇ ಬಿಚ್ಚಿಟ್ಟಿದ್ದೆ, ಬದುಕಿಕೊಂಡವು.

ನಾಳೆ ಎಂಟಕ್ಕೆ ಇದೇ ಗಾಡೀಲಿ ಡ್ಯೂಟಿಗೆ ಹೋಗ್ಬೇಕು. ಇವರು, ಅತ್ತೆ, ಇಬ್ಬರಿಗೂ ಭಾನುವಾರ ಅಂದ್ರೆ ನಂಗೆ ಎಕ್ಸ್‌ರೇ ರೂಮಲ್ಲಿ ಓವರ್‌ಟೈಮ್. ಹಾಗಂತ ಹೇಳಿರೋದು. ಮುರಿದ ಲಿವರ್‌ಗೆ ಏನು ಹೇಳೋದು…

ಮಾರ್ಚ್ 5, ಮಂಗಳವಾರ

ವೆಲ್ಡರ್ ನಂಗೆ ಪರಿಚಯ ಆಗಿದ್ದೇ ಎಕ್ಸ್‌ರೇ ಟೇಬಲ್ ಮೇಲೆ. ಒಂದೇ ವರ್ಷದಲ್ಲಿ ಮೂರು ಸಲ ಬಂದ. ಭುಜದ ಮೂಳೆ, ಬೆರಳು, ಮತ್ತೆ ಅದೇ ಭುಜ. ಮೂರನೇ ಸಲ ಕೇಳೇಬಿಟ್ಟೆ, ಏನಪ್ಪಾ ಮಾಡ್ತೀಯ ನೀನು? ಮೊಬೈಲ್ ತೆಗೆದು ತೋರಿಸಿದ. ಮುಚ್ಚಿದ ಗೋದಾಮಿನ ಅಂಗಳ. ಬೈಕಿನ ಮುಂದಿನ ಚಕ್ರ ಗಾಳೀಲಿ. ಹಿಂದಿನ ಚಕ್ರದ ಮೇಲೆ ಗಾಡಿ ತಣ್ಣಗೆ ಹೋಗ್ತಾ ಇದೆ, ಏನೂ ಆಗಿಲ್ಲ ಅನ್ನೋ ಹಾಗೆ.

ಹನ್ನೆರಡು ವರ್ಷದಿಂದ ದಿನಕ್ಕೆ ಐವತ್ತು ಸಲ 'ಉಸಿರು ಹಿಡೀರಿ, ಅಲುಗಾಡಬೇಡಿ' ಅಂತೀನಿ. ಅವತ್ತು ನಾನೇ ಉಸಿರು ಹಿಡಿದಿದ್ದೆ. ನಂಗೂ ಕಲಿಸು ಅಂದೆ.

ಇವತ್ತು ಅವನ ವರ್ಕ್‌ಶಾಪಿಗೆ ಹೋಗಿದ್ದೆ. "ಬೀಳ್ದೇ ಇರೋದು ಆಮೇಲೆ ಮೇಡಮ್. ಮೊದಲು ಬೀಳೋಕೆ ಗಾಡೀನ ರೆಡಿ ಮಾಡೋಣ" ಅಂದ. ಇಂಜಿನ್ನಿನ ಎರಡೂ ಕಡೆ ಪೈಪಿನ ಪಂಜರ. ಸೀಟಿನ ಹಿಂದೆ ಒಂದು ಕಂಬಿ — ಗಾಡಿ ಹಿಂದಕ್ಕೆ ಮಗುಚೋಕೆ ಹೋದ್ರೆ ಕಂಬಿ ಮೊದಲು ನೆಲ ಮುಟ್ಟುತ್ತೆ. ಲಿವರ್ ಕ್ಲ್ಯಾಂಪ್ ಪೂರ್ತಿ ಬಿಗಿ ಮಾಡಬಾರದಂತೆ. ಸ್ವಲ್ಪ ಸಡಿಲ ಇದ್ರೆ ಬಿದ್ದಾಗ ತಿರುಗಿಕೊಳ್ಳುತ್ತೆ, ಮುರಿಯಲ್ಲ. ಇಂಜಿನ್ ಸ್ವಿಚ್ಚಿಂದ ಎಡಗೈ ಮಣಿಕಟ್ಟಿಗೆ ಒಂದು ದಾರ. ನಾನು ಕಳಚಿಕೊಂಡ್ರೆ ಇಂಜಿನ್ ಆಫ್.

ಮಾರ್ಚ್ 10, ಭಾನುವಾರ

ಪಂಜರ ಕೂತಿತು. ವೆಲ್ಡರ್ ಸುತ್ತ ಒಂದು ಸಲ ನೋಡಿ, ಕಾಲಿಂದ ಗಾಡೀನ ನೂಕಿಬಿಟ್ಟ. ಪೈಪಿನ ಮೇಲೆ ಮಲಗಿತು ಅಷ್ಟೆ. ಇಂಜಿನ್‌ಗೂ ನೆಲಕ್ಕೂ ಮಧ್ಯೆ ನಾಲ್ಕು ಬೆರಳು ಜಾಗ.

"ಈಗ ಎತ್ತಿ."

ಗಾಡಿಗೆ ಬೆನ್ನು ಕೊಟ್ಟು, ಕುಕ್ಕರುಗಾಲಲ್ಲಿ ಕೂತು, ಕಾಲಿನ ಬಲದಲ್ಲಿ ಏಳೋದು. ಆರನೇ ಸಲಕ್ಕೆ ಬಂತು.

ಮಾರ್ಚ್ 12, ಮಂಗಳವಾರ. ಸಂಜೆ

ಅತ್ತೆ ಹಿಡಿದರು.

ಮೂವತ್ತು ವರ್ಷದಿಂದ ಸೀಟ್ ಕವರ್ ಹೊಲಿಯೋ ಅಂಗಡಿ ಅವರದು. ಮನೆ ಮುಂದೆ ಗಾಡಿ ನಿಲ್ಲಿಸ್ತಿದ್ದ ಹಾಗೆ ಬಂದ್ರು.

"ಇದೇನೇ, ಗಾಡಿಗೆ ಪಂಜರ?"

"ಆಸ್ಪತ್ರೆ ಪಾರ್ಕಿಂಗಲ್ಲಿ ಯಾರಾದ್ರೂ ಗುದ್ದಿಬಿಡ್ತಾರೆ ಅತ್ತೆ."

"ಹ್ಞೂಂ. ಸೀಟಿನ ಹಿಂದುಗಡೆ ಯಾಕೆ ಸವೆದಿದೆ? ಡ್ಯೂಟಿಗೆ ಹೋಗೋರು ಯಾರೂ ಅಷ್ಟು ಹಿಂದೆ ಕೂರಲ್ಲ ಕಣೇ. ನನ್ ಹತ್ರ ಕಾಗೆ ಹಾರಿಸ್ಬೇಡ."

ಹೇಳಿದೆ. ಎಲ್ಲಾ. ಸೊಂಟದಲ್ಲಿದ್ದ ಟೇಪ್ ತೆಗೆದು ಪೆಟ್ರೋಲ್ ಟ್ಯಾಂಕ್ ಅಳೆಯೋಕೆ ಶುರು ಮಾಡಿದ್ರು.

"ಇಲ್ಲಿ ನೆಗ್ಗಿದ್ರೆ ಸರಿ ಮಾಡೋರು ಸಿಗಲ್ಲ" ಅಂದ್ರು. ಅಷ್ಟೇ.

ಮಾರ್ಚ್ 24, ಭಾನುವಾರ

ಟ್ಯಾಂಕಿಗೆ ಅಂಗಿ ಬಂತು. ಎರಡು ಪದರ ಫೋಮ್, ಮೇಲೆ ಕಪ್ಪು ರೆಕ್ಸಿನ್, ಕೆಳಗೆ ಬೆಲ್ಟ್. ಹೊಲಿಗೆ ಒಂದು ಎಳೆ ಆಚೀಚೆ ಇಲ್ಲ.

"ಗಾಡಿಗಾಯ್ತು. ನಿಂಗೆ?"

"ಹೆಲ್ಮೆಟ್ ಇದೆಯಲ್ಲ ಅತ್ತೆ."

"ಅದು ಕುತ್ತಿಗೆ ಮೇಲಕ್ಕಾಯ್ತು. ಕೆಳಗೆಲ್ಲಾ ಏನು ಕಬ್ಬಿಣಾನಾ?"

ಉಳಿದ ಫೋಮಲ್ಲಿ ಮಂಡಿಗೆ, ಸೊಂಟಕ್ಕೆ ದಪ್ಪ ಪಟ್ಟಿ ಹೊಲಿದಿದ್ರು. ಮಣಿಕಟ್ಟಿಗೆ ಗಟ್ಟಿ ಗ್ಲೌಸ್ ತಗೋ ಅಂದ್ರು. ತಗೋತೀನಿ ಅಂದೆ.

ಇವರಿಗೆ ಹೇಳ್ತೀರಾ ಅಂತ ಕೇಳಿದೆ. "ನಾನಾಗಿ ಹೇಳಲ್ಲ. ಅವನು ಕೇಳಿದ್ರೆ ಸುಳ್ಳೂ ಹೇಳಲ್ಲ. ನಿನ್ನ ಗಂಡ, ನೀನುಂಟು ಅವನುಂಟು."

ಏಪ್ರಿಲ್ 14, ಭಾನುವಾರ

ಮುಂದಿನ ಚಕ್ರ ಮೂರು ಸೆಕೆಂಡ್ ಗಾಳೀಲಿ! ಆಮೇಲೆ ಬಲಕ್ಕೆ ಬಿತ್ತು. ಲಿವರ್ ತಿರುಗಿಕೊಂಡಿತು, ಮುರಿಯಲಿಲ್ಲ. ಪೈಪಿನ ಬಣ್ಣ ಮಾತ್ರ ಕೆತ್ತಿದೆ.

ಗ್ಲೌಸ್ ಇನ್ನೂ ತಗೊಂಡಿಲ್ಲ.

ಏಪ್ರಿಲ್ 23, ಮಂಗಳವಾರ

ಎಡಗೈ ಬರಹ. ನಿಧಾನ.

ಭಾನುವಾರ. ಮುಂದಿನ ಚಕ್ರ ಬೇಕಾದ್ದಕ್ಕಿಂತ ಮೇಲೆದ್ದಿತು. ಹಿಂದಿನ ಬ್ರೇಕ್ ಒತ್ತಬೇಕಿತ್ತು, ಕಾಲು ತಪ್ಪಿತು. ಕಂಬಿ ನೆಲ ಮುಟ್ಟಿ ಕಿಡಿ ಹಾರಿಸಿತು. ಗಾಡಿ ಮಗುಚಲಿಲ್ಲ. ನಾನು ಹಿಂದಕ್ಕೆ ಜಾರಿದೆ, ದಾರ ಕಿತ್ತು ಇಂಜಿನ್ ಆಫ್. ಎಲ್ಲಾ ಅಂದುಕೊಂಡ ಹಾಗೇ ಆಯ್ತು. ನಾನು ಬಲಗೈ ಊರಿದ್ದೊಂದು ಬಿಟ್ಟು.

ಎದ್ದು ಮೊದಲು ಗಾಡಿ ಸುತ್ತ ಬಂದೆ. ಒಂದು ಗೀರಿಲ್ಲ. ಆಮೇಲೆ ಕೈ ನೋಡಿಕೊಂಡೆ. ಮಣಿಕಟ್ಟು ಊಟದ ಫೋರ್ಕಿನ ಹಾಗೆ ಬಾಗಿತ್ತು. ಮುರಿದಿದೆ ಅನ್ನೋಕೆ ಫಿಲ್ಮ್ ಬೇಕಿರಲಿಲ್ಲ.

ನಮ್ಮ ಎಕ್ಸ್‌ರೇ ರೂಮಲ್ಲೇ, ನನ್ನ ಜೂನಿಯರ್ ತೆಗೆದಳು. "ಅಲುಗಾಡಬೇಡಿ ಮೇಡಮ್." ಆಂಗಲ್ ತಪ್ಪಿದೆ, ಸ್ವಲ್ಪ ತಿರುಗಿಸು ಅಂದೆ. ತಿರುಗಿಸಿದಳು. ಆಗ ಕಣ್ಣು ಕತ್ತಲೆ ಬಂತು.

ಇವರು ತಾವು ಕಲಿಸೋ ಡ್ರೈವಿಂಗ್ ಸ್ಕೂಲಿನ ಕಾರಲ್ಲೇ ಓಡಿ ಬಂದ್ರು, ಪಾಠ ಅರ್ಧಕ್ಕೆ ಬಿಟ್ಟು. ಮನೆ ದಾರೀಲಿ ನಡೆದದ್ದೆಲ್ಲಾ ಹೇಳಿಬಿಟ್ಟೆ. ಮೂರನೇ ಸಿಗ್ನಲ್ಲಲ್ಲಿ ಇವರು:

"ಜನ ಎಲ್ಲೂ ಗುದ್ದಬಾರದು ಅಂತ ಬೆಳಗಿಂದ ಸಂಜೆವರೆಗೂ ಗಂಟಲು ಹರ್ಕೋತೀನಿ. ನೀನು ಬೀಳೋಕೆ ಟ್ಯೂಷನ್ ಹೋಗ್ತಿದೀಯಾ."

ನಗು ಬಂತು. ನಗಬಾರದಿತ್ತು.

"ಬಿದ್ದಿದ್ದು ಬಿಡು. ಓವರ್‌ಟೈಮ್ ಅಂದ್ಯಲ್ಲ. ಪ್ರತಿ ವಾರ ಟಿಫಿನ್ ಬಾಕ್ಸ್ ತುಂಬಿ ಕೊಟ್ಟೆನಲ್ಲೇ ನಾನು."

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ. ಆದ್ರೂ ಹೇಳ್ಬೇಕಿತ್ತು."

ಗಾಡಿ ಕೀ ಅವರ ಜೇಬಲ್ಲಿದೆ.

ಮೇ 9, ಗುರುವಾರ

ಜಡೆ ಅತ್ತೆ ಹಾಕ್ತಾರೆ. ಅನ್ನ ಇವರು ಕಲಸಿ ಕೊಡ್ತಾರೆ. ಮಾತು ಮಾತ್ರ ಬೇಕಾದಷ್ಟೇ. ನೀರು ಬೇಕಾ. ಮಾತ್ರೆ ತಗೊಂಡ್ಯಾ. ಬೈದಿದ್ರೆ ವಾಸಿಯಿತ್ತು.

ಜೂನ್ 3, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ಬೇರೆ ಯಾರದ್ದೋ ಅನ್ನೋ ಹಾಗಿದೆ, ತೆಳ್ಳಗೆ. ಮೂಳೆ ಕೂಡಿದೆ. ಇನ್ನೂ ಒಂದೂವರೆ ತಿಂಗಳು ಭಾರ ಹಾಕೋ ಹಾಗಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. "ಸುಳ್ಳು ಹೇಳಿದ್ದು ತಪ್ಪು. ಕಲಿಯೋಕೆ ಹೋಗಿದ್ದು ತಪ್ಪಲ್ಲ. ಮತ್ತೆ ಹೋಗ್ತೀನಿ. ಈ ಸಲ ಹೇಳಿ ಹೋಗ್ತೀನಿ."

ಇವರು ಕೈ ತೊಳೆದು ಬಂದು, "ಎಷ್ಟು ಸೆಕೆಂಡ್ ಮಾಡ್ತಿದ್ದೆ?"

"ಮೂರು."

"ಮೂರಕ್ಕೆ ಇಷ್ಟೆಲ್ಲಾ!"

ಮಲಗೋ ಮುಂಚೆ ನೋಡಿದ್ರೆ ಕೀ ಟಿವಿ ಮೇಲಿತ್ತು.

ಜುಲೈ 21, ಭಾನುವಾರ. ಮಧ್ಯಾಹ್ನ

ಇವರೂ ಬಂದಿದ್ರು. ಅಂಗಳದ ಗೋಡೆಗೆ ಒರಗಿ, ಕೈ ಕಟ್ಟಿಕೊಂಡು. ಗ್ಲೌಸ್ ಇವರೇ ತಂದದ್ದು, ಮಣಿಕಟ್ಟಿಗೆ ಪ್ಲಾಸ್ಟಿಕ್ ಹಲಗೆ ಇರೋದು. ವೆಲ್ಡರ್ ನಮಸ್ಕಾರ ಸರ್ ಅಂದ. ಇವರು ಅವನನ್ನ ಬಿಟ್ಟು ಪಂಜರದ ಬೆಸುಗೆ ನೋಡಿದ್ರು. ಕೊನೆಗೆ "ಕೆಲಸ ಚೆನ್ನಾಗಿದೆ" ಅಂದ್ರು.

ಎರಡು ಸಲ ಬಿತ್ತು. ಎರಡು ಸಲವೂ ನಾನು ಕಾಲ ಮೇಲೆ ಇಳಿದೆ. ಮೂರನೇ ಸಲ ಎದ್ದಿತು, ನಿಂತಿತು — ಆ ತಣ್ಣಗೆ ಹೋಗೋದು… ಐದು ಸೆಕೆಂಡ್ ಅಂದ ವೆಲ್ಡರ್.

ತಿರುಗಿ ಬರ್ತಾ ನೋಡಿದೆ. ಇವರ ಬಲಗಾಲು ನೆಲವನ್ನ ಒತ್ತಿ ಹಿಡಿದಿತ್ತು. ಸ್ಕೂಲಿನ ಕಾರಲ್ಲಿ ಇವರ ಕಡೆಗೂ ಒಂದು ಬ್ರೇಕ್ ಇರುತ್ತೆ. ಹದಿನೆಂಟು ವರ್ಷದ ಅಭ್ಯಾಸ. ನಾನು ಇಂಜಿನ್ ಆಫ್ ಮಾಡಿದ ಮೇಲೂ ಪಾದ ಎತ್ತಿರಲಿಲ್ಲ.

"ನಿಮಗೂ ಅಭ್ಯಾಸ ಆಗುತ್ತೆ ಬಿಡಿ" ಅಂದೆ.

"ಆಗಲ್ಲ" ಅಂದ್ರು. "ಮುಂದಿನ ವಾರ ಎಷ್ಟು ಹೊತ್ತಿಗೆ?"

ಜುಲೈ 28, ಭಾನುವಾರ. ಬೆಳಿಗ್ಗೆ 6.10

ಅತ್ತೆಯೂ ಬರ್ತಾರಂತೆ. ಕೂರೋಕೆ ಅಂಗಡಿಯಿಂದ ಕುಶನ್ ತಂದಿದಾರೆ. ಇವರು ಫ್ಲಾಸ್ಕಿಗೆ ಚಹಾ ತುಂಬಿಸ್ತಿದಾರೆ, ವೆಲ್ಡರ್‌ಗೂ ಸೇರಿಸಿ. ಕೈ ಸ್ವಲ್ಪ ಸೆಳೀತಿದೆ. ಇಬ್ಬರಿಗೂ ಹೇಳಿದೀನಿ. ಇವತ್ತು ಬರೀ ಚಕ್ರ ಎತ್ತಿ ಇಳಿಸೋದು, ಸೆಕೆಂಡ್ ಎಣಿಸೋ ಹಾಗಿಲ್ಲ ಅಂತ ಕರಾರು. ನೋಡೋಣ. ಆದ್ರೆ ಅಂಗಳ ಖಾಲಿ ಇದ್ದು, ಗಾಡಿ ತಾನಾಗೇ ಎದ್ದು ನಿಂತುಬಿಟ್ರೆ ನಾನೇನು ಮಾಡೋಕಾಗುತ್ತೆ?