ಅಲ್ಲಿ ಭಾರೀ ನಿಧಾನ

ಹೊಸಂಗಡಿ
14 ಅಕ್ಟೋಬರ್ 2024

ಪ್ರೀತಿಯ ಜೋಯಿಗೆ,

ಅಮ್ಮನ ಮುತ್ತುಗಳು. "ಎಂತ ಅಮ್ಮ, ಫೋನಿನಲ್ಲಿ ಮಾತೇ ಇಲ್ಲ?" ಎಂದು ನೀನು ಮೂರು ಸಲ ಕೇಳಿದೆ. ತಪ್ಪು ನನ್ನದೇ. ವಿಡಿಯೋ ಕಾಲಿನಲ್ಲಿ ನಿನ್ನ ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ನೆರೆಮನೆಯ ಫಸಲ್ ರಜೆ ಮುಗಿಸಿ ಕುವೈತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಾಗದವನ್ನೂ ಒಣಮೀನನ್ನೂ ಕಳಿಸುತ್ತೇನೆ. ಮೊದಲು ಊಟ ಮಾಡು, ಆಮೇಲೆ ಓದು.

ಲೋಕನಾಥನ ಪಿಕಪ್ಪು ಗುದ್ದಿ ಅಪ್ಪ ತೀರಿಕೊಂಡದ್ದಕ್ಕೆ ಸಾಕ್ಷಿ ಸಾಲದೆಂದು ಕೋರ್ಟು ಅವನನ್ನು ಬಿಟ್ಟ ದಿನ ನೀನು ಕತ್ತಿ ಹಿಡಿದು ಹೊರಟಿದ್ದೆ. ನಾನು ನಿನ್ನ ಕೈಯನ್ನು ಶಿಲುಬೆಯ ಮೇಲೆ ಇಡಿಸಿ, "ನ್ಯಾಯ ದೇವರಿಗೆ ಬಿಡು" ಎಂದು ಆಣೆ ಹಾಕಿಸಿದೆ. ಮುಂದಿನ ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ ನನ್ನ ಹೆಸರು ಹೇಳಿ ಹೊಗಳಿದರು. ಇಡೀ ಇಗರ್ಜಿ ತಿರುಗಿ ನೋಡಿತು. ನನಗೆ ಖುಷಿಯಾಗಿತ್ತು ಮಗಾ, ಸುಳ್ಳು ಯಾಕೆ ಹೇಳಲಿ?

ಆ ಖುಷಿ ಎಷ್ಟು ದಿನ? ಆ ಲೋಕನಾಥ ದಿನಾ ಹಾರ್ನು ಹೊಡೆಯುತ್ತ ನಮ್ಮ ಗೇಟಿನ ಮುಂದೆಯೇ ಹೋಗುತ್ತಿದ್ದ. ಈ ಜುಲೈಯಲ್ಲಿ ನಾನು ಯಾರಿಗೂ ಹೇಳದೆ ಬಸ್ಸು ಹತ್ತಿ, ನಮ್ಮವರು ಯಾರೂ ಇಲ್ಲದ ಊರಿನ ಒಂದು ದೈವಸ್ಥಾನಕ್ಕೆ ಹೋದೆ. ಕುತ್ತಿಗೆಯ ಶಿಲುಬೆಯನ್ನು ರವಿಕೆಯೊಳಗೆ ತುರುಕಿಕೊಂಡಿದ್ದೆ. ತೆಂಗಿನಕಾಯಿ ಇಟ್ಟು, "ಅವನ ಮನೆಯಲ್ಲೂ ಅಳು ಕೇಳಬೇಕು" ಎಂದು ದೂರು ಹೇಳಿದೆ. ದೂರು ಕೊಡುವವರ ಹೆಸರು ಬೇಕಲ್ಲ, ನನ್ನ ಹೆಸರನ್ನೂ ಹೇಳಿದೆ. ಹೆಸರು ಕೇಳಿ ಅಲ್ಲಿ ದೀಪ ಇಡುವ ಚನಿಯ ನನ್ನನ್ನೇ ನೋಡಿದ.

"ನಿಮ್ಮ ದೇವರಿಗೆ ಹೇಳಿ ಆಗಿದೆಯಾ ಬಾಯಮ್ಮ?"

"ಹೇಳಿ ಎರಡು ವರ್ಷ ಆಯ್ತು. ಅಲ್ಲಿ ಭಾರೀ ನಿಧಾನ" ಎಂದುಬಿಟ್ಟೆ. ಎಂಥ ನಾಲಿಗೆ ನನ್ನದು!

ಕಳೆದ ತಿಂಗಳು ಲೋಕನಾಥನ ಏಳು ವರ್ಷದ ಮಗಳಿಗೆ ಜ್ವರ ತಲೆಗೇರಿ ಮಂಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಅವನ ಹೆಂಡತಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. "ನೀವು ನಮ್ಮನ್ನು ಕ್ಷಮಿಸಿದವರು ಬಾಯಮ್ಮ. ನಿಮ್ಮ ಪ್ರಾರ್ಥನೆ ದೇವರು ಮೊದಲು ಕೇಳ್ತಾರೆ. ಒಮ್ಮೆ ಬಂದು ಮಗುವಿನ ತಲೆ ಮುಟ್ಟಿ." ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಹೋದೆ. ತಲೆಯ ಮೇಲೆ ಕೈ ಇಟ್ಟೆ. ಪ್ರಾರ್ಥನೆಯಲ್ಲಿ "ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ" ಎಂಬ ಸಾಲಿಗೆ ಬಂದಾಗ ಅದನ್ನು ಬಿಟ್ಟು ಅಳತೊಡಗಿದೆ. ನಾನು ಮರುಕದಿಂದ ಅಳುತ್ತಿದ್ದೇನೆಂದು ಅವಳು ತಿಳಿದುಕೊಂಡಳು.

ಮರುದಿನವೇ ದೂರು ವಾಪಸು ಪಡೆಯಲು ಹೋದೆ. ಚನಿಯ ಹೇಳಿದ, "ದೈವ ಸತ್ಯ ಕೇಳುವುದು, ಸಿಟ್ಟು ಅಲ್ಲ. ನಿಮ್ಮ ಕಾಯಿಯನ್ನು ನಾನು ಅವತ್ತೇ ಬದಿಗೆ ಇಟ್ಟಿದ್ದೆ, ದೂರು ದೈವಕ್ಕೆ ಮುಟ್ಟಲೇ ಇಲ್ಲ. ಮನೆಗೆ ಹೋಗಿ." ನಿನಗೆ ಬುದ್ಧಿ ಹೇಳಿದ ನಾನು ಇದನ್ನು ಚನಿಯನಿಂದ ಕೇಳಬೇಕಾಯಿತು.

ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದ್ದೇನೆ. ಆದರೆ ಆಣೆ ಮಾಡಿದವನು ನೀನು. ನೀನು ಮಾತು ಉಳಿಸಿಕೊಂಡೆ, ನಾನು ಉಳಿಸಿಕೊಳ್ಳಲಿಲ್ಲ. ನಿನ್ನ ಅಮ್ಮನನ್ನು ಕ್ಷಮಿಸು.

ಆ ಬಿಸಿಲಿನಲ್ಲೂ ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಮ್ಮ,
ಸೆವ್ರಿನ್

ತಾ.ಕ.: ಪಾದ್ರಿಗಳಿಗೂ ಹೇಳದ್ದು ಒಂದು ಉಂಟು. ಮೊನ್ನೆ ಆ ಮಗು ಹುಷಾರಾಗಿ ಮನೆಗೆ ಬಂತು. ಅದರ ತಾಯಿ ರಸ್ತೆಯಿಂದಲೇ "ನಿಮ್ಮ ಪ್ರಾರ್ಥನೆ ಫಲಿಸಿತು ಬಾಯಮ್ಮ" ಎಂದು ಕೂಗಿದಾಗ ನಾನು ನಕ್ಕೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಗೊತ್ತಾಯಿತು ಮಗಾ, ಆ ಮಗು ಹುಷಾರಾದದ್ದಕ್ಕೆ ನನಗೆ ಬೇಸರವಾಗಿತ್ತು.