ಮೊದಲ ಗುಂಡು ಯಾರ ಕೈಯಲ್ಲಿ

ಇಬ್ರಾ, ಓಮಾನ್
15 ಫೆಬ್ರವರಿ 1989, ಬುಧವಾರ

ಪ್ರೀತಿಯ ಪಪ್ಪಾ,

ನಿಮ್ಮ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀರೋ, ಇಲ್ಲ ಹಚ್ಚಿದೆ ಎಂದು ಮಾಯ್‌ಗೆ ಹೇಳಿ ಬಾಟಲಿಯನ್ನು ಕಪಾಟಿನಲ್ಲೇ ಇಟ್ಟಿದ್ದೀರೋ? ತಪಸ್ಸಿನ ಕಾಲಕ್ಕೆ ಈ ಸಲ ನಶ್ಯ ಬಿಡುತ್ತೀರೆಂದು ತಮ್ಮ ವಿಕ್ಟರ್ ಬರೆದಿದ್ದ. ಈಸ್ಟರಿನ ತನಕ ನಿಮ್ಮ ಸಿಟ್ಟನ್ನು ತಾಳಿಕೊಳ್ಳಬೇಕಾದ ಮಾಯ್‌ದೇ ನಿಜವಾದ ತಪಸ್ಸು. ನಾವಿಬ್ಬರೂ ಕ್ಷೇಮ. ಅಮ್ಮನನ್ನು ಮಾಯ್ ಎನ್ನುವ, ಮನೆಯಲ್ಲಿ ಕೊಂಕಣಿ ಬಿಟ್ಟು ಬೇರೆ ಮಾತಾಡದವರು ನಾವು, ಆದರೂ ಪೆನ್ನು ಹಿಡಿದರೆ ಕನ್ನಡವೇ ಬರುತ್ತದೆ. ಟೀಚರ್ ಕೈಗೆ ಹೊಡೆದು ಕಲಿಸಿದ್ದು ಕೈಯಲ್ಲೇ ಉಳಿದಿದೆ ನೋಡಿ.

ಬುಧವಾರ ಇಲ್ಲಿ ಹೆಂಗಸರ ಸಂತೆ. ಮಾರುವವರೂ ಕೊಳ್ಳುವವರೂ ಹೆಂಗಸರೇ. ಒಣನಿಂಬೆಯನ್ನೂ ಒಂದು ಪೊಟ್ಟಣ ಲೋಬಾನವನ್ನೂ ಕೊಂಡು ಬರುವಾಗ ಬಿಸಿಲು ಏರಿತ್ತು. ಖರ್ಜೂರದ ತೋಟದ ಪಕ್ಕ ಹರಿಯುವ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತೆ. ಬೆಟ್ಟದ ಹೊಟ್ಟೆಯಿಂದ ಬರುವ ನೀರು ಅದು, ಸದ್ದೇ ಮಾಡುವುದಿಲ್ಲ. ಕಣ್ಣು ಮುಚ್ಚಿದರೆ ನಮ್ಮ ಬಾವಿಯ ರಾಟೆ ಕಿರುಗುಟ್ಟಿದ ಹಾಗಾಯಿತು. ಅಂಗಡಿಯ ಬಾಗಿಲಲ್ಲಿ ನೀವು ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡುತ್ತಿದ್ದಿರಿ. ನಾನು ಹತ್ತಿರ ಬಂದು ಇಣುಕಿದರೆ ಒಳಗೆ ಬೆಳ್ಳಿಯ ಉಂಗುರಗಳು ಒಂದರ ಹಿಂದೆ ಒಂದು, ಕೊನೆಯ ಉಂಗುರದಾಚೆ ಒಂದಿಷ್ಟು ಆಕಾಶ. ಎಚ್ಚರವಾದಾಗ ಪಾದ ತಣ್ಣಗಾಗಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ.

ಈಗ ನಿಮ್ಮ ಅಳಿಯನ ಸುದ್ದಿ. ಕ್ಯಾಸ್ಮಿರ್ ಕೈಗೆ ಒಂದು ಪಿಸ್ತೂಲು ಬಂದಿದೆ. ಇಲ್ಲಿ ಹಮ್ಮೂದ್ ಎಂಬ ನಿವೃತ್ತ ಸೈನ್ಯಾಧಿಕಾರಿ ಇದ್ದಾರೆ. ಶುಕ್ರವಾರ ಅವರೂ ಅವರ ಗೆಳೆಯರೂ ವಾದಿ ಎಂದು ಕರೆಯುವ ಒಣಹೊಳೆಯಲ್ಲಿ ಕಬ್ಬಿಣದ ತಟ್ಟೆಗಳನ್ನು ನಿಲ್ಲಿಸಿ ಗುಂಡು ಹೊಡೆಯುತ್ತಾರೆ. ಹಮ್ಮೂದರ ಗುಂಡು ತಗಲಿದರೂ ತಟ್ಟೆ ಠಣ್ ಎಂದು ನಿಂತೇ ಇರುತ್ತದಂತೆ, ಗೆಳೆಯರು ನಗುತ್ತಾರಂತೆ. ಅದಕ್ಕೆ ತಮ್ಮ ಹಳೆಯ, ನಲವತ್ತೈದರ ಅಳತೆಯ ಪಿಸ್ತೂಲಿಗೆ ಹೊಸ ಹತ್ತು ಮಿಲಿಮೀಟರ್ ತೋಟಾ ಹಾಕುವಂತೆ ಮಾಡಿಕೊಡು ಎಂದು ಹಟ ಹಿಡಿದರು. ತೋಟಾ ಸಣ್ಣದು, ಆದರೆ ಮಹಾ ಬಿರುಸಿನದು. ಕ್ಯಾಸ್ಮಿರ್ ಅಮೆರಿಕದಿಂದ ನಳಿಗೆ ತರಿಸಿ ಕೂರಿಸಿದರು, ಬಿಗಿಯಾದ ಸ್ಪ್ರಿಂಗು ಹಾಕಿದರು. ಖಾಲಿ ಪಿಸ್ತೂಲಿನ ಮೇಲಿನ ಭಾಗವನ್ನು ಒಮ್ಮೆ ನನ್ನಿಂದ ಎಳೆಸಿ ನೋಡಿದರು. ನಾನು ಎರಡು ಕೈ ಹಾಕಿದರೂ ಜಗ್ಗಲಿಲ್ಲ. ಅವರು ಎಳೆದು ಬಿಟ್ಟಾಗ ಬಂದ ಸದ್ದು ಎಷ್ಟು ಮೃದುವಾಗಿತ್ತು ಗೊತ್ತೇ, ಯಾರೋ ಎಣ್ಣೆ ಹಾಕಿದ ಕದವನ್ನು ದೂರದ ಕೋಣೆಯಲ್ಲಿ ಮುಚ್ಚಿದ ಹಾಗೆ. ಸಂಜೆ ಬಿಡಿಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿದಾಗ ಕಿಟಕಿಯ ಬಿಸಿಲು ಅವುಗಳ ಮೇಲೆ ಹರಿದಾಡುತ್ತದೆ. ಲೋಬಾನದ ಹೊಗೆ, ಎಣ್ಣೆಯ ವಾಸನೆ, ಬಾಗಿದ ಅವರ ಕತ್ತು. ನೋಡುತ್ತ ನೋಡುತ್ತ ಅದು ಏತಕ್ಕಾಗಿ ಇರುವ ವಸ್ತು ಎಂಬುದೇ ನನಗೆ ಮರೆತುಹೋಗುತ್ತದೆ.

ಆದರೆ ಪಪ್ಪಾ, ನಿನ್ನೆ ಅವರು ಪಿಸ್ತೂಲಿನ ಹಳೆಯ ಮೈಯನ್ನು ಬೆರಳ ತುದಿಯಲ್ಲಿ ತೂಗಾಡಿಸಿ, ಸಂತೆಯಲ್ಲಿ ಮಡಕೆ ಬಾರಿಸಿ ನೋಡುವಂತೆ ಬಾರಿಸಿದರು. ಇನ್ನೊಮ್ಮೆ ಬಾರಿಸಿದರು. ಮುಖ ಸಣ್ಣದಾಯಿತು. ಬಿರುಕು ಕಾಣುವುದಿಲ್ಲ, ಆದರೆ ಈ ಮೈ ಇಷ್ಟು ಬಿರುಸಿಗೆ ಹುಟ್ಟಿದ್ದಲ್ಲ, ಸಿಡಿದರೂ ಸಿಡಿದೀತು ಎಂದರು. ಹಮ್ಮೂದರಿಗೂ ಹೇಳಿ ನೋಡಿದ್ದಾರೆ. ಅವರು ತಮ್ಮ ಅರಬಿಯಲ್ಲಿ ಯಲ್ಲಾ, ನಡಿ ನಡಿ, ಶುಕ್ರವಾರ ನೋಡೋಣ ಎಂದು ಬೆನ್ನು ತಟ್ಟಿ ಹೋದರಂತೆ.

ಕ್ಯಾಸ್ಮಿರ್ ಕೆಲಸ ಮಾಡುವ ಶೆಡ್ಡಿನ ಇನ್ನೊಂದು ಅರ್ಧದಲ್ಲಿ ಗ್ಯಾರೇಜು ಇಟ್ಟಿರುವ ಬಂಟ್ವಾಳದ ಹಾಜಬ್ಬ ಹೇಳಿದ್ದು ನನಗೆ ಸರಿ ಕಂಡಿತು. "ಮಾರಾಯ, ಮೊದಲ ಗುಂಡಿಗೆ ಪಿಸ್ತೂಲನ್ನು ಟಯರಿಗೆ ಕಟ್ಟಿ ದೂರದಿಂದ ದಾರ ಎಳಿ. ಕೈ ಇರುದೇ ಎರಡು, ಅದಕ್ಕೆ ಸ್ಪೇರ್ ಸಿಕ್ಕುದಿಲ್ಲ." ಕ್ಯಾಸ್ಮಿರ್ ನಕ್ಕುಬಿಟ್ಟರು. ನಕ್ಕು ಏನು ಹೇಳಿದರೆಂದು ನಾನು ನಿಮಗೆ ಹೇಳಬೇಕೇ? ನಿಮ್ಮ ಅಂಗಡಿಯ ವೇದವಾಕ್ಯವನ್ನೇ. "ತನ್ನ ಕೈ ಕೊಡಲು ಹೆದರುವವನು ಇನ್ನೊಬ್ಬನ ಕೈಗೆ ಕೋವಿ ಕೊಡಬಾರದು." ನಿಮ್ಮಲ್ಲಿ ಕೆಲಸ ಕಲಿತವರು ತಂದೆಯ ಮಾತನ್ನಾದರೂ ಮೀರಿಯಾರು, ಲಾದ್ರು ಮೇಸ್ತ್ರಿಯ ಮಾತನ್ನು ಮೀರುವುದಿಲ್ಲ. ಇವರಂತೂ ನಿಮ್ಮ ಮಗಳನ್ನೂ ಕಟ್ಟಿಕೊಂಡವರು.

ರಿಪೇರಿಯಾದ ಕೋವಿಯ ಮೊದಲ ಗುಂಡನ್ನು ನೀವು ಹಿತ್ತಲಲ್ಲಿ ಹೊಡೆಯುವಾಗ ನಾನು ಬಾವಿಕಟ್ಟೆಯ ಹಿಂದೆ ಕಿವಿಗೆ ಬೆರಳಿಟ್ಟು ಕುಣಿಯುತ್ತಿದ್ದೆ. ಹೊಗೆಯೊಳಗಿಂದ ಮೀಸೆಗೆ ಮಸಿ ಹತ್ತಿಸಿಕೊಂಡು ನೀವು ಬರುತ್ತಿದ್ದಿರಿ. ನನಗೆ ಅದೇ ಹಬ್ಬ. ಅಡಿಗೆಮನೆಯಲ್ಲಿ ಮಾಯ್ ಜಪಸರ ಹಿಡಿದು ನಿಂತಿರುತ್ತಿದ್ದರು, ಗುಂಡು ಹಾರಿದ ಮೇಲೆ ಒಲೆಯ ಕಡೆ ತಿರುಗುತ್ತಿದ್ದರು. ಅವರಿಗೆ ಕೋವಿ ಎಂದರೆ ಇಷ್ಟವಿಲ್ಲ ಎಂದುಕೊಂಡಿದ್ದೆ. ಅದು ಎಂಥ ಹೆದರಿಕೆ ಎಂಬುದು ಈಗ ತಿಳಿಯುತ್ತಿದೆ. ನನಗೆ ಹೆದರಿಕೆಯಾಗುತ್ತಿದೆ, ಪಪ್ಪಾ. ಆ ಬೆರಳುಗಳು ಇಲ್ಲದ ನನ್ನ ಗಂಡನನ್ನು ನೆನೆಸಿಕೊಳ್ಳಲಾರೆ. ಬೇಡ ಎಂದು ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಮೇಸ್ತ್ರಿಯ ಮಗಳಾಗಿ ನೀನು ಹೀಗೆ ಹೇಳುವುದೇ ಎಂದು ನನಗೇ ನಾಚಿಕೆಯಾಗುವಂತೆ ಕೇಳಿದರು. ನಿಮ್ಮ ಬಾಯಿಂದ ಒಂದು ಮಾತು ಬಂದರೆ ಕೇಳಿಯಾರು, ಇನ್ಯಾರದ್ದೂ ಇಲ್ಲ. ಆದರೆ ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಶುಕ್ರವಾರ ಎಂದೋ ಕಳೆದಿರುತ್ತದೆ. ಸುಮ್ಮನೆ ಮನಸ್ಸು ಹಗುರವಾಗಲಿ ಎಂದು ಬರೆಯುತ್ತಿದ್ದೇನೆ.

ಮಾಯ್ ಕೈಗೆ ನನ್ನದೊಂದು ಮುತ್ತು. ವಿಕ್ಟರನಿಗೆ ಬೈಗುಳ, ಬರೆದರೆ ಪೂರ್ತಿ ಒಂದು ಪುಟ ಬರೆಯಲಿ. ನೀವಿಬ್ಬರೂ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಹರಸಿ. ಈ ವಾರ ಆ ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇರಲಿ.

ನಿಮ್ಮ ಮಗಳು,
ಎಸ್ತರ್

ತಾ.ಕ.: ಇವತ್ತು ಶುಕ್ರವಾರ, ಮಧ್ಯಾಹ್ನ. ಅಂಚೆಗೆ ಹಾಕುವವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ನಾನು ಕ್ಯಾಸ್ಮಿರ್‌ಗೆ ಒಂದು ಸುಳ್ಳು ಹೇಳಿದೆ. ಪೇಟೆಯ ಬೂತಿನಿಂದ ವಿಕ್ಟರನ ಆಫೀಸಿಗೆ ಫೋನ್ ಮಾಡಿದೆ, ಪಪ್ಪಾ ಅಲ್ಲೇ ಇದ್ದರು, ಟಯರಿಗೆ ಕಟ್ಟಿಯೇ ಹೊಡೆಯಲಿ ಎಂದು ಹೇಳಿದರು ಎಂದೆ. ಬೆಳಿಗ್ಗೆ ಕಟ್ಟಿಯೇ ಹೊಡೆದರು. ಪಿಸ್ತೂಲಿಗೆ ಏನೂ ಆಗಲಿಲ್ಲ, ಒಂದು ಕೂದಲೆಳೆಯಷ್ಟೂ ಇಲ್ಲ. ಆಮೇಲೆ ಕೈಯಲ್ಲಿ ಹಿಡಿದು ಹೊಡೆದರು, ತಟ್ಟೆ ಬಿತ್ತು, ಹಮ್ಮೂದ್ ಬಂದು ಇವರನ್ನು ತಬ್ಬಿಕೊಂಡರು. ಎಲ್ಲ ಚೆನ್ನಾಗಿಯೇ ಆಯಿತು. ಆದರೆ ಬರುವಾಗ ಪಿಕಪ್ಪಿನಲ್ಲಿ ಕ್ಯಾಸ್ಮಿರ್ ಹಾಜಬ್ಬನಿಗೆ, "ನಮ್ಮ ಮಾವನಿಗೆ ವಯಸ್ಸಾಯ್ತು ಮಾರಾಯ, ಮೊದಲಿನ ಧೈರ್ಯ ಇಲ್ಲ" ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹಾಜಬ್ಬ ಮುಂದಿನ ತಿಂಗಳು ಊರಿಗೆ ಬರುತ್ತಾನೆ, ಮಂಗಳೂರಿಡೀ ಹೇಳುತ್ತಾನೆ. ಕ್ಯಾಸ್ಮಿರ್ ಕೂಡ ನಿಮಗೆ ಬರೆದು ಕೇಳಿಯೇ ಕೇಳುತ್ತಾರೆ. ಆಗ "ಹೌದು, ನಾನೇ ಹೇಳಿದ್ದು" ಎನ್ನಿ. ಮುಂದಿನ ಪಿಸ್ತೂಲು ಆಗಲೇ ಮೇಜಿನ ಮೇಲಿದೆ. ನಿಮ್ಮ ಮರ್ಯಾದೆ ಎಷ್ಟು ದೊಡ್ಡದೆಂದು ನನಗೆ ಗೊತ್ತು. ಆದರೂ ಕೇಳುತ್ತೇನೆ ಪಪ್ಪಾ, ನನಗೋಸ್ಕರ ಸ್ವಲ್ಪ ಮುದುಕರಾಗಿ.