ಕಸ್ತೂರೆವ್ವನ ಸೀಟು

ಹುಬ್ಬಳ್ಳಿ, ಕೇಶ್ವಾಪುರ
ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು, ನೆಳಲು ಮಾಸ, ಎರಡನೆಯ ಬಿಡುವಾರ

ಪೂಜ್ಯರಾದ ಗುರುಸಿದ್ಧಜ್ಜನವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಕಾಶವ್ವ ಮಾಡುವ ಶರಣು ಶರಣಾರ್ಥಿಗಳು.

ಮೊದಲಿಗೆ ಕ್ಷಮೆ ಕೇಳುತ್ತೇನೆ. ಈ ಓಲೆ ತಲುಪುವ ಹೊತ್ತಿಗೆ ನಿಮಗೆ ಮೂವತ್ತೆಂಟು, ನನಗೆ ಅರವತ್ತೊಂದು. ತಲೆ ನರೆತವಳೊಬ್ಬಳು ಮೀಸೆ ಕಪ್ಪಿರುವವರನ್ನು ಅಜ್ಜಾ ಎಂದು ಕರೆದರೆ ನಿಮಗೆ ನಗು ಬಂದೀತು, ಬರಲಿ. ತಾರೀಖೂ ವಿಚಿತ್ರವಾಗಿ ಕಾಣುತ್ತದೆ. ನೆಳಲು ಮಾಸ ನಮ್ಮ ಬೇಸಿಗೆಯ ತಿಂಗಳು. ಬಿಡುವಾರ ಎಂದರೆ ನಮ್ಮ ವಾರದ ಎಂಟನೆಯ ದಿನ, ಶನಿವಾರಕ್ಕೂ ರವಿವಾರಕ್ಕೂ ನಡುವೆ ಬರುತ್ತದೆ. ಆ ದಿನ ಯಾರೂ ಯಾರಿಗೂ ದುಡಿಯುವಂತಿಲ್ಲ, ಹಳೆಯದನ್ನು ರಿಪೇರಿ ಮಾಡಬಹುದು ಅಷ್ಟೇ. ಹರಿದ ಕೌದಿ, ಕಾಲು ಮುರಿದ ಕುರ್ಚಿ, ಮಾತು ಬಿಟ್ಟ ಬೀಗರು, ಎಲ್ಲಕ್ಕೂ ಅದೇ ದಿನ. ನಮ್ಮ ಮನೆಯ ಬಿಡುವಾರಗಳೆಲ್ಲ ನಿಮ್ಮ ಕಾರಿಗೇ ಹೋದವು ಅಜ್ಜಾ.

ಈ ಕಾಗದಕ್ಕೆ ಹಿಂದೋಲೆ ಎನ್ನುತ್ತಾರೆ, ಮುಂದಿನವರು ಹಿಂದಿನವರಿಗೆ ಬರೆಯುವ ಓಲೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ಓಲೆಮನೆಯ ಹುಡುಗಿಗೂ ಗೊತ್ತಿಲ್ಲ. ಕೆರೆಯ ನೀರಿನಂತೆ ಹೊಳೆಯುವ ಒಂದು ತಟ್ಟೆಯ ಮೇಲೆ ಕಾಗದ ಇಡುತ್ತಾರೆ, ಅದು ಮೆಲ್ಲಗೆ ಮುಳುಗುತ್ತದೆ. ತಲುಪಿದ್ದಕ್ಕೆ ರಸೀದಿ ಇಲ್ಲ. ಬಹಳ ಜನ ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತೇನೆ ಎಂದಾಗ ನನ್ನ ಗಂಡ ಸಿದ್ರಾಮ, "ಆಯುಷ್ಯದಾಗ ಒಂದ ಓಲಿ, ಅದನ್ನೂ ಆ ಗಾಡಿಗೇ ಸುರೀತಿಯೇನ?" ಎಂದು ಹಣೆ ಬಡಿದುಕೊಂಡ. ಆಮೇಲೆ ತಾನೇ ಪೆನ್ನಿಗೆ ಮಸಿ ತುಂಬಿ ಕೊಟ್ಟ.

ನಿಮ್ಮ ಕೇಶ್ವಾಪುರ ಈಗ ಹೇಗಿದೆ ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಓಣಿಗಳ ಮೇಲೆ ನೆಳಲಬಳ್ಳಿ ಹಬ್ಬಿದೆ. ಮಹಡಿಯಿಂದ ಮಹಡಿಗೆ ಚಪ್ಪರದಂತೆ ಹೆಣೆದುಕೊಂಡು ಮಧ್ಯಾಹ್ನದ ಬಿಸಿಲನ್ನು ಹಸಿರು ಮಾಡಿ ಕೆಳಗೆ ಬಿಡುತ್ತದೆ. ಡಾಂಬರು ಇಲ್ಲ. ಗಟ್ಟಿಗರಿಕೆ ಎಂಬ ಹುಲ್ಲು ಬೆಳೆಸಿದ್ದಾರೆ, ತುಳಿದಷ್ಟೂ ಬಿಗಿಯುತ್ತದೆ. ಅದರ ಮೇಲೆ ಸರಬಂಡಿ ಹರಿದಾಡುತ್ತದೆ, ಒಂದಕ್ಕೊಂದು ಪೋಣಿಸಿದ ಕಟ್ಟೆಗಳ ಸಾಲು, ಆಕಳು ನಡೆದಷ್ಟು ನಿಧಾನ, ಎಲ್ಲೂ ನಿಲ್ಲುವುದಿಲ್ಲ. ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ, ಹೆಂಗಸರು ಅದರ ಮೇಲೇ ಕುಳಿತು ಮೆಂತ್ಯೆಪಲ್ಯ ಸೋಸುತ್ತಾರೆ. ಯಾವುದೂ ಸದ್ದು ಮಾಡುವುದಿಲ್ಲ. ಊರಿನ ಅತಿ ದೊಡ್ಡ ಸದ್ದೆಂದರೆ ಸಂಜೆಯ ಗಿಳಿಗಳದು. ವೇಗ ಎನ್ನುವ ಮಾತು ಬಂದರೆ ನಿಮ್ಮ ಕಣ್ಣು ಅರಳುತ್ತಿತ್ತಂತೆ. ನಮ್ಮಲ್ಲಿ ಆ ಮಾತನ್ನು ಬಳಸುವವರು ನಾಡಿ ಹಿಡಿಯುವ ವೈದ್ಯರು ಮಾತ್ರ.

ಇಂಥ ಊರಿನಲ್ಲಿ, ನಿಮ್ಮ ಹಿತ್ತಲಿನ ತಗಡಿನ ಶೆಡ್ಡು ಇದ್ದ ಜಾಗದಲ್ಲೇ, ನೀವು ಗುಜರಿಯಿಂದ ಬಿಡಿಸಿ ತಂದ ಆ ಎರಡು ಬಾಗಿಲಿನ ಹಳೆಯ ರೇಸಿನ ಕಾರು ನಿಂತಿದೆ. ನಿಮ್ಮ ಮಗಳು ಎಂಜಿನ್ ಕೆಳಗಿಳಿಸಿ ಬ್ಯಾಟರಿ ಹಾಕಿದಳು. ಅವಳ ಮಗ ಬ್ಯಾಟರಿ ಕಿತ್ತು ಗಾಳಿಗಡಿಗೆ ಕೂರಿಸಿದ, ಅಂದರೆ ಒತ್ತಿ ತುಂಬಿದ ಗಾಳಿಯ ಹಂಡೆ. ಅದು ಒಂದು ದಿನ ಸಿಳ್ಳೆ ಹೊಡೆದು ನೆರೆಮನೆಯವರು ಒಣಹಾಕಿದ ಹಪ್ಪಳಗಳನ್ನೆಲ್ಲ ಹಾರಿಸಿತು. ಅವನ ಮೊಮ್ಮಗಳಾದ ನನ್ನವ್ವ ಶರಣವ್ವ ಅದನ್ನು ತೆಗೆಸಿ, ಎಂಜಿನ್ನೇ ಬೇಕೆಂದು ಹಟ ಹಿಡಿದಳು. ಎಂಜಿನ್ ಆಗ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಆಸರೆಯಾಗಿತ್ತು. "ಇವರ ಮನ್ಯಾಗ ಒಗಿಯೋ ಕಲ್ಲಿಗೂ ನಾಕು ಸಿಲಿಂಡರ್" ಎಂದು ಓಣಿಯವರು ನಗುತ್ತಿದ್ದರಂತೆ. ಇಷ್ಟೆಲ್ಲ ಮಾಡಿದವರಲ್ಲಿ ಒಬ್ಬರೂ ಗಾಡಿಯನ್ನು ಗೇಟಿನಾಚೆ ತೆಗೆಯಲಿಲ್ಲ. ಇನ್ನೊಂಚೂರು ಸರಿಮಾಡಿ ತೆಗೆದರಾಯಿತು ಎಂದೇ ಎಲ್ಲರೂ ಮುಂದೂಡಿದರು. ಗಾಡಿ ಯಾವಾಗ ಹೊರಗೆ ಬರುತ್ತದೆ ಎಂದವರಿಗೆಲ್ಲ ನೀವು ಹೇಳುತ್ತಿದ್ದ "ಬರೋ ದಸರಾಕ್ಕ" ಎಂಬ ಮಾತು ಈಗ ಇಡೀ ಕೇಶ್ವಾಪುರದ ಗಾದೆ. ಮದುವೆ ಯಾವಾಗ ಎಂದು ಕೇಳಿದರೆ ಮನಸ್ಸಿಲ್ಲದ ಹುಡುಗಿಯರು ಅದನ್ನೇ ಹೇಳಿ ಓಡುತ್ತಾರೆ.

ಪ್ರತಿ ದಸರೆಗೆ ಪೂಜೆ ಮಾತ್ರ ತಪ್ಪಲಿಲ್ಲ. ಬಾನೆಟ್ಟಿಗೆ ವಿಭೂತಿ, ಚೆಂಡುಹೂವಿನ ಮಾಲೆ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಗಾಡಿ ಮುಂದೆ ಹೋದರೆ ತಾನೇ ಹಣ್ಣು ಒಡೆಯುವುದು? ಹೋಗುತ್ತಿರಲಿಲ್ಲ. ಮರುದಿನ ಹಣ್ಣುಗಳನ್ನು ಹಾಗೇ ಆರಿಸಿ ತಂದು ಉಪ್ಪಿನಕಾಯಿ ಹಾಕುತ್ತಿದ್ದರು. ನಾವೆಲ್ಲ ಆ ಉಪ್ಪಿನಕಾಯಿ ತಿಂದೇ ಬೆಳೆದವರು.

ಇನ್ನು ಆ ಎಡಗಡೆಯ ಸೀಟು, ನಿಮ್ಮ ಹೆಂಡತಿಗೆಂದೇ ಇಟ್ಟದ್ದು. "ಕಸ್ತೂರಿ ಕುಂತ ದಿನಾನ ಬಿಚ್ಚೂದು" ಎಂದು ನೀವು ಪ್ಲಾಸ್ಟಿಕ್ ತೆಗೆಯದೆ ಬಿಟ್ಟ ಕೆಂಪು ಸೀಟು. ನಿಮ್ಮ ಕಾಲದಲ್ಲಿ ಪ್ಲಾಸ್ಟಿಕ್ ಬೀದಿಯಲ್ಲಿ ಬಿದ್ದಿರುತ್ತಿತ್ತಂತೆ. ನಮ್ಮಲ್ಲಿ ಅದನ್ನು ತೋರಿಸಲು ಶಾಲೆಯ ಮಕ್ಕಳನ್ನು ಸಾಲಾಗಿ ಕರೆತರುತ್ತಾರೆ. ಒಳಗಿನ ಸ್ಪಂಜು ಪುಡಿಯಾದಾಗ ನನ್ನಜ್ಜಿ ಪ್ಲಾಸ್ಟಿಕ್ ಹರಿಯದಂತೆ ಅಡಿಯಿಂದ ಹೊಲಿಗೆ ಬಿಚ್ಚಿ ಹತ್ತಿ ತುಂಬಿದಳು. ಎಲ್ಲರೂ ಅದನ್ನು ಕಾಪಾಡಿದರು. ಯಾರೂ ಕೂರಲಿಲ್ಲ.

ಗಾಡಿ ಮುಟ್ಟಿದವರು ಬೋಲ್ಟಿನ ಅಳತೆಗಳನ್ನು ನೆನಪಿಟ್ಟರು. ಅಡಿಗೆಮನೆಯಲ್ಲಿದ್ದವರು ನಿಮ್ಮ ಹೆಂಡತಿ ಕಸ್ತೂರೆವ್ವನ ಮಾತುಗಳನ್ನು ನೆನಪಿಟ್ಟರು. ಆ ಸಂಜೆಯ ಕಥೆಯನ್ನು ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಸಲ ಕೇಳಿದ್ದೇನೋ. ಅದು ಗಾಡಿ ಮೊದಲ ಸಲ ಸ್ಟಾರ್ಟ್ ಆದ ವಾರ. ಎಂಜಿನ್ ಕಟ್ಟಿ ಮುಗಿಸಿದ್ದಿರಿ. ಮೈಗೆ ಬಣ್ಣ ಇರಲಿಲ್ಲ, ಬೂದಿಬಣ್ಣದ ಪ್ರೈಮರ್ ಮಾತ್ರ, ಆದರೂ ಓಡುತ್ತಿತ್ತು. ಕಸ್ತೂರೆವ್ವ ಇಳಕಲ್ ಸೀರೆ ಉಟ್ಟು, ಡಬ್ಬಿಯಲ್ಲಿ ಒಗ್ಗರಣೆ ಚುರುಮರಿ ತುಂಬಿಕೊಂಡು, ಕೂಸನ್ನು ನಿಮ್ಮವ್ವನ ಕೈಗೆ ಕೊಟ್ಟು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಅವರು ಕೇಳಿದ್ದು ಇಷ್ಟೇ: ನೃಪತುಂಗ ಬೆಟ್ಟಕ್ಕೆ ಒಂದು ಸುತ್ತು, ದೀಪ ಹತ್ತುವ ಹೊತ್ತಿನ ಹುಬ್ಬಳ್ಳಿಯನ್ನು ಮೇಲಿನಿಂದ ನೋಡುವುದು. ನೀವು ಗಾಡಿಯ ಕೆಳಗಿನಿಂದಲೇ, "ಇನ್ನೊಂದೆರಡು ವಾರ ತಡಿ ಕಸ್ತೂರಿ, ದೊಡ್ಡ ಟರ್ಬೊ ಬರಾಕತ್ತೈತಿ. ಅದನ್ನ ಹಾಕಿಬಿಟ್ರ ಗಾಡಿ ಬೆಟ್ಟಕ್ಕ ಹಾರಿಕೊಂಡು ಹೋಗತೈತಿ" ಎಂದಿರಿ. ಎಂಜಿನ್ನಿಗೆ ಇನ್ನಷ್ಟು ಗಾಳಿ ಊದುವ ಆ ತಿರುಗಣಿಗಾಗಿ ಮರುದಿನ ಬೆಳಿಗ್ಗೆಯೇ ಎಂಜಿನ್ ಮತ್ತೆ ಕೆಳಗಿಳಿಯಬೇಕಿತ್ತು. ಕಸ್ತೂರೆವ್ವ ನಕ್ಕರು. "ನಾ ಹಾರಾಕ ಬಂದಿಲ್ರಿ, ಕುಂದ್ರಾಕ ಬಂದೇನಿ" ಎಂದು ಒಳಗೆ ಹೋದರು.

ಓಲೆಮನೆಯ ನಿಯಮದಂತೆ ಯಾರ ಸಾವಿನ ಸುದ್ದಿಯನ್ನೂ ಹಿಂದೋಲೆಯಲ್ಲಿ ಬರೆಯುವಂತಿಲ್ಲ. ನಾನು ಬರೆಯುವುದಿಲ್ಲ. ದೊಡ್ಡ ಟರ್ಬೊ ಬಂದಿತು, ಅದನ್ನು ಕೂರಿಸಿಯೂ ಕೂರಿಸಿದಿರಿ, ಆದರೆ ಆಮೇಲೆ ನೀವು ಆ ಗಾಡಿಯನ್ನು ಒಂದು ದಿನವೂ ಹೊರಗೆ ತೆಗೆಯಲಿಲ್ಲ, ಆ ಸೀಟು ಮುಟ್ಟಲು ಯಾರಿಗೂ ಬಿಡಲಿಲ್ಲ ಎಂದಷ್ಟೇ ಬರೆಯುತ್ತೇನೆ. ಉಳಿದದ್ದನ್ನು ನೀವೇ ತಿಳಿದುಕೊಳ್ಳಿ.

ನಾನೇನು ನಿಮಗಿಂತ ಜಾಣೆಯಲ್ಲ. ಪೆಟ್ರೋಲ್ ಎಂಬುದು ನಮ್ಮಲ್ಲಿ ಇಲ್ಲ. ಸಿಹಿಜೋಳದ ದಂಟು ಅರೆದು, ಹುಳಿಬರಿಸಿ, ದಂಟೆಣ್ಣೆ ಬಟ್ಟಿ ಇಳಿಸುತ್ತೇನೆ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ಸಾರಾಯಿಯೇ. ಅದು ಪೆಟ್ರೋಲಿಗಿಂತ ಹೆಚ್ಚು ಬೇಕಾಗುವುದರಿಂದ ಎಣ್ಣೆ ಚಿಮ್ಮುವ ತೂತುಗಳನ್ನು ದೊಡ್ಡದು ಮಾಡಿದೆ. ತುಕ್ಕು ತಿಂದ ಸಿಲಿಂಡರುಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದೆ. ಈ ನೆಳಲು ಮಾಸದ ಮೊದಲ ಬಿಡುವಾರ ಎಂಜಿನ್ ಸ್ಟಾರ್ಟ್ ಆಯಿತು ಅಜ್ಜಾ! ಬಳ್ಳಿಯಲ್ಲಿದ್ದ ಗಿಳಿಗಳೆಲ್ಲ ಒಮ್ಮೆಗೇ ಎದ್ದವು. ಓಣಿಯ ಹಿರಿಯ ಚನಬಸಪ್ಪ ಗೇಟಿನಾಚೆಯೇ ನಿಂತು, "ಕಾಶವ್ವಕ್ಕಾ, ಅದು ಕಡಿಯೂದಿಲ್ಲಲ್ಲ?" ಎಂದ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮರುಗಳಿಗೆ ನಾನು ಆಡಿದ ಮಾತೇನು ಗೊತ್ತೇ? ಸದ್ದು ಯಾಕೋ ಒಡಕಾಗಿದೆ, ಇನ್ನೊಮ್ಮೆ ಬಿಚ್ಚಿ ನೋಡುತ್ತೇನೆ.

ಸಿದ್ರಾಮ ಒಳಗೆ ಹೋದ. ತಿರುಗಿ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಕೈಯಲ್ಲಿ ಚುರುಮರಿ ಡಬ್ಬಿ. ಅವನ ಕಣ್ಣು ಮಬ್ಬಾಗುತ್ತಿವೆ, ಚಳಿಗಾಲದ ಹೊತ್ತಿಗೆ ಬೆಳಕೂ ತಿಳಿಯಲಿಕ್ಕಿಲ್ಲ ಎಂದು ವೈದ್ಯರು ಹೇಳಿದ್ದಾರೆ. "ದೀಪ ಕಾಣೂತನಕ ಒಯ್ದಬಿಡು ಕಾಶಿ," ಎಂದ, "ನಾನೂ ಹಾರಾಕ ಬಂದಿಲ್ಲ."

ಬೋಲ್ಟು ಬಿಚ್ಚಲು ಹಿಡಿದಿದ್ದ ಪಾನಾ ಕೆಳಗಿಟ್ಟೆ. ಪ್ಲಾಸ್ಟಿಕ್ಕನ್ನು ಅವನೇ ಎಳೆದ. ಹಪ್ಪಳದಂತೆ ಮುರಿದು ಪುಡಿಪುಡಿಯಾಯಿತು. ಕೆಳಗಿನ ಕೆಂಪು ನಿನ್ನೆ ಬಣ್ಣ ಹಾಕಿದ ಹಾಗಿತ್ತು. ದಸರಾ ಇನ್ನೂ ದೂರ, ಆದರೂ ಚನಬಸಪ್ಪನ ಹೆಂಡತಿ ಓಡಿಹೋಗಿ ನಾಲ್ಕು ನಿಂಬೆಹಣ್ಣು ತಂದು ಗಾಲಿಗಳ ಮುಂದಿಟ್ಟಳು. ಕ್ಲಚ್ ಬಿಟ್ಟೆ. ಗಾಡಿ ಮುಂದೆ ಸರಿಯಿತು, ಹಣ್ಣು ಒಡೆದವು. ಆ ಪುಟ್ಟ ಸದ್ದನ್ನು ನಮ್ಮ ವಂಶದಲ್ಲಿ ಯಾರೂ ಕೇಳಿರಲಿಲ್ಲ.

ಆ ಸಂಜೆ ನಿಜವೋ ಕನಸೋ ಎಂದು ನನಗೆ ಈಗಲೂ ಅನುಮಾನ. ಮೇಲೆ ಹಸಿರು ಚಪ್ಪರ ಹಿಂದಕ್ಕೆ ಹರಿಯುತ್ತಿತ್ತು, ಕೆಳಗೆ ಗರಿಕೆ ಗಾಲಿಗಳನ್ನು ಹೊತ್ತು ಸಾಗಿಸುತ್ತಿತ್ತು. ದಂಟೆಣ್ಣೆಯ ಹೊಗೆಗೆ ಸುಟ್ಟ ಬೆಲ್ಲದ ವಾಸನೆ. ಸರಬಂಡಿಯ ಮೇಲಿನ ಹೆಂಗಸರು ಪಲ್ಯ ಬಿಟ್ಟು ಎದ್ದು ನಿಂತರು, ಒಬ್ಬಳು ನಮಗೆ ಕೈ ಮುಗಿದಳು. ನಾನು ಎಷ್ಟು ನಿಧಾನ ಓಡಿಸಿದೆನೆಂದರೆ ಮಕ್ಕಳು ಬೆಟ್ಟದ ಬುಡದವರೆಗೂ ಪಕ್ಕದಲ್ಲೇ ಓಡಿಬಂದರು. ನಮ್ಮ ಮನೆಗಳ ಮೇಲೆ ಮಿಣುಕುಹಂಚು ಇರುತ್ತವೆ, ಹಗಲಿನ ಬಿಸಿಲು ಕುಡಿದು ಸಂಜೆ ತಾವಾಗಿಯೇ ಬೆಳಗುವ ಹಂಚು. ಬೆಟ್ಟದ ಮೇಲೆ ಎಂಜಿನ್ ಆರಿಸಿದಾಗ ಅವು ಒಂದೊಂದಾಗಿ ಹತ್ತುತ್ತಿದ್ದವು, ಉಣಕಲ್ ಕೆರೆಯವರೆಗೂ. ಸಿದ್ರಾಮ ಕಾಣುವಷ್ಟನ್ನು ಬೆರಳು ತೋರಿಸಿ ಹೇಳಿದ. ಕಾಣದ್ದನ್ನು ನಾನು ಹೇಳಿದೆ. ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ಇಷ್ಟ ಇತ್ತು ನೋಡು" ಎಂದ. ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತೆ. ನನಗಾಗಿ ಅಲ್ಲ, ಶೆಡ್ಡಿನ ಬಾಗಿಲಿನಿಂದ ತಿರುಗಿ ಹೋದ ಆ ಇಳಕಲ್ ಸೀರೆಗಾಗಿ.

ಅದಕ್ಕೇ ಈ ಓಲೆ. ಸರಿಯಾಗಿ ಆ ಸಂಜೆಗೇ ಮುಟ್ಟಿಸಿ ಎಂದು ಕೇಳಿಕೊಂಡಿದ್ದೇನೆ. ಮುಟ್ಟಿದ್ದರೆ ಕಸ್ತೂರೆವ್ವ ಇನ್ನೂ ಸೀರೆ ಬದಲಿಸಿರುವುದಿಲ್ಲ, ಚುರುಮರಿಯೂ ಮೆತ್ತಗಾಗಿರುವುದಿಲ್ಲ. ಗಾಡಿಯ ಕೆಳಗಿನಿಂದ ಹೊರಗೆ ಬನ್ನಿ ಅಜ್ಜಾ. ಕೈ ತೊಳೆದುಕೊಳ್ಳಿ. ಆ ಪ್ಲಾಸ್ಟಿಕ್ ಕಿತ್ತೆಸೆಯಿರಿ. ಬಣ್ಣವಿಲ್ಲದಿದ್ದರೆ ಇಲ್ಲ, ಬೂದಿಬಣ್ಣದಲ್ಲೇ ಹೋಗಿ. ನಾಳೆಯೂ ಹೋಗಿ, ನಾಡಿದ್ದೂ ಹೋಗಿ. ಟರ್ಬೊ ಬಂದರೆ ಅಟ್ಟದ ಮೇಲೆ ಬಿದ್ದಿರಲಿ.

ಹಾಗೆ ಮಾಡಿದರೆ ಏನಾಗುತ್ತದೆ ಎಂದು ನಾವಿಬ್ಬರೂ ಯೋಚಿಸಿದ್ದೇವೆ. ಓಡಿದ ಗಾಡಿ ಸವೆಯುತ್ತದೆ. ನಿಮ್ಮ ಮಗಳ ಮದುವೆಯ ಹೊತ್ತಿಗೆ ಅದು ಮತ್ತೆ ಗುಜರಿ ಸೇರಿರುತ್ತದೆ, ನಮ್ಮವರೆಗೆ ಬರುವುದಿಲ್ಲ. ನಾನಂತೂ ಹುಟ್ಟುತ್ತೇನೆ, ಹೆದರಬೇಡಿ. ಕೂಸು ಆಗಲೇ ನಿಮ್ಮವ್ವನ ಮಡಿಲಲ್ಲಿದೆ. ಆದರೆ ಬೆಟ್ಟದ ಮೇಲಿನ ಆ ಸಂಜೆ ನಮಗೆ ಇರುವುದಿಲ್ಲ. ಇತ್ತೆಂಬ ನೆನಪೂ ಉಳಿಯಲಿಕ್ಕಿಲ್ಲ. ಇಷ್ಟು ಬರೆದು, ಪೆನ್ನು ಕೆಳಗಿಟ್ಟು ಸಿದ್ರಾಮನ ಮುಖ ನೋಡಿದೆ.

"ಬರೀ," ಎಂದ. "ಆಕಿ ಕುಂತು ಹೋಗ್ಲಿ. ನಮಗ ಕಾಲು ಅದಾವ, ನಾವು ನಡಕೋತ ಹತ್ತೂಣು."

ಹೋಗಿ ಬನ್ನಿ ಅಜ್ಜಾ.

ನಿಮ್ಮ
ಕಾಶವ್ವ